ಮಂಗಳವಾರ, ಗುರುವಾರ, ಶನಿವಾರ

ಅಮ್ಮನಿಗೆ ವಾರಕ್ಕೆ ಮೂರು ಸಲ ಡಯಾಲಿಸಿಸ್ ಆಗಬೇಕಿತ್ತು. ಮಂಗಳವಾರ, ಗುರುವಾರ, ಶನಿವಾರ. ಒಂದೊಂದು ಸಲಕ್ಕೂ ನಾಲ್ಕು ಗಂಟೆ. ನಮಗೆ ಸಂಜೆಯ ಪಾಳಿ ಸಿಕ್ಕಿತ್ತು. ನಾನು ಆಫೀಸು ಮುಗಿಸಿ ನೇರ ಆಸ್ಪತ್ರೆಗೆ ಹೋಗುತ್ತಿದ್ದೆ. ಎರಡು ವರ್ಷ ಹೀಗೇ ನಡೆಯಿತು. ಆ ಮೆಷಿನ್ನಿನ ಪಕ್ಕ ಒಂದು ಪ್ಲಾಸ್ಟಿಕ್ ಕುರ್ಚಿ ಇತ್ತು. ಅಲ್ಲಿ ಕೂತು ಮಾಡಿದಷ್ಟು ಪ್ರಾರ್ಥನೆಯನ್ನು ನಾನು ಯಾವ ಚರ್ಚಿನಲ್ಲೂ ಮಾಡಿಲ್ಲ.

ನಾನು ಅಕೌಂಟ್ಸ್ ಕೆಲಸದವಳು. ಪ್ರತಿ ತಿಂಗಳು 20ನೇ ತಾರೀಖಿನೊಳಗೆ ಜಿಎಸ್‌ಟಿ ರಿಟರ್ನ್ ಹಾಕಬೇಕು, ಅಷ್ಟರೊಳಗೆ ಲೆಕ್ಕ ತಾಳೆ ಆಗಬೇಕು. ಪ್ರಾರ್ಥನೆಯನ್ನೂ ಹಾಗೇ ಮಾಡುತ್ತಿದ್ದೆ ಅಂತ ಈಗ ಗೊತ್ತಾಗುತ್ತಿದೆ. ಈ ಕಡೆಯಿಂದ ಇಷ್ಟು ಉಪವಾಸ, ಇಷ್ಟು ಕಾಣಿಕೆ, ಇಷ್ಟು ಕಣ್ಣೀರು. ಆ ಕಡೆಯಿಂದ ಅಮ್ಮನ ಪ್ರಾಣ. ರಕ್ತದ ರಿಪೋರ್ಟ್ ಬಂದ ದಿನ ಕ್ರಿಯಾಟಿನಿನ್ ಎಷ್ಟು, ಪೊಟ್ಯಾಸಿಯಂ ಎಷ್ಟು ಅಂತ ನೋಡಿ, ಆ ಅಂಕಿಗಳನ್ನೇ ದೇವರ ಮುಂದೆ ಇಡುತ್ತಿದ್ದೆ. ಇದು ಇಳಿಯಲಿ, ಅದೂ ಇಳಿಯಲಿ. ಅಮ್ಮ ಒಂದು ಸಲ ಕಣ್ಣು ಬಿಟ್ಟು ನೋಡಿ, "ಅದೇನೇ ಅಷ್ಟೊಂದು ಹೇಳ್ತಿದ್ದೀಯ ದೇವ್ರಿಗೆ, ಅವನಿಗೂ ಮಾತಾಡೋಕೆ ಬಿಡು" ಅಂದಳು. ನಾನು ನಗಲಿಲ್ಲ. ಆಗ ನನಗೆ ತುಂಬಾ ಭಯವಿತ್ತು.

ಒಂದು ಬುಧವಾರ ಬೆಳಗಿನ ಜಾವ ಅಮ್ಮ ಹೋದಳು. ಬೆಂಗಳೂರಿನ ಹೊಸೂರು ರಸ್ತೆಯ ಸಮಾಧಿ ಭೂಮಿಯಲ್ಲಿ ಮಣ್ಣು ಮಾಡಿದೆವು. ಮೂರನೆಯ ದಿನ ಮನೆ ತುಂಬಾ ಜನ. ಸಮಾಧಾನ ಹೇಳಲು ಬಂದ ಒಬ್ಬರು ನನ್ನ ತಲೆ ಮೇಲೆ ಕೈಯಿಟ್ಟು, "ಪೂರ್ತಿ ನಂಬಿ ಕೇಳಿದ್ದಿದ್ರೆ ಕರ್ತನು ಖಂಡಿತ ಕೊಡ್ತಿದ್ದ ಮಗಳೇ. ಎಲ್ಲೋ ಸ್ವಲ್ಪ ಸಂದೇಹ ಇತ್ತು ಅನ್ಸುತ್ತೆ" ಅಂದರು. ಅವರ ದನಿಯಲ್ಲಿ ಕೆಟ್ಟತನ ಇರಲಿಲ್ಲ. ಆದರೆ ಆ ಮಾತು ನನ್ನ ಎದೆಯಲ್ಲಿ ಮೂರುವರೆ ವರ್ಷ ಮುರಿದ ಮುಳ್ಳಿನ ಹಾಗೆ ಉಳಿಯಿತು.

ಅವತ್ತಿನಿಂದ ಪ್ರಾರ್ಥನೆ ನಿಂತಿತು. ಭಾನುವಾರ ಅಪ್ಪನ ಜೊತೆ ಆರಾಧನೆಗೆ ಹೋಗುತ್ತಿದ್ದೆ. ತುಟಿ ಆಡುತ್ತಿತ್ತು. ಪರಲೋಕದಲ್ಲಿರುವ ನಮ್ಮ ತಂದೆಯೇ ಅಂತ ಎಲ್ಲರ ದನಿಯೊಳಗೆ ನನ್ನ ದನಿಯೂ ಸೇರಿ ಹೋಗುತ್ತಿತ್ತು. ಮನೆಗೆ ಬಂದರೆ ಊಟದ ಮುಂಚಿನ ಪ್ರಾರ್ಥನೆಯೂ ಇಲ್ಲ. ದೇವರಿಲ್ಲ ಅಂತ ನನಗೆ ಒಂದು ದಿನವೂ ಅನ್ನಿಸಲಿಲ್ಲ. ಆತನಿಗೆ ನಮ್ಮ ಮೇಲೆ ಪ್ರೀತಿ ಇದೆ ಅನ್ನುವುದು ಮಾತ್ರ ನಂಬಲು ಆಗಲಿಲ್ಲ. ದೇವರಿದ್ದಾನೆ ಅಂತ ಗೊತ್ತಿದ್ದೂ ಆತನ ಹತ್ತಿರ ಮಾತು ಬಿಟ್ಟಿರುವುದು ಬಹಳ ಕಷ್ಟ. ಒಂದೇ ಮನೆಯಲ್ಲಿ ಇದ್ದುಕೊಂಡು ಮುಖ ತಿರುಗಿಸಿ ಓಡಾಡಿದ ಹಾಗೆ.

ನನ್ನ ಬಸ್ಸು ಕಾರ್ಪೊರೇಷನ್ ಹತ್ತಿರ ಹಡ್ಸನ್ ಸರ್ಕಲ್ಲಿನ ಸಿಗ್ನಲ್ಲಿನಲ್ಲಿ ನಿಲ್ಲುತ್ತದೆ. 1904ರಲ್ಲಿ ಕಟ್ಟಿದ ಹಡ್ಸನ್ ಸ್ಮಾರಕ ಚರ್ಚಿನ ಕಲ್ಲಿನ ಗೋಡೆ ಕಿಟಕಿಯಿಂದ ಕಾಣುತ್ತದೆ. ಅಪ್ಪ ಅಮ್ಮನ ಮದುವೆ ಆದದ್ದು ಅಲ್ಲೇ. ಮುಂಚೆಯೆಲ್ಲ ಆ ಸಿಗ್ನಲ್ ಬಂದರೆ ಒಂದು ನಿಮಿಷ ಕಣ್ಣು ಮುಚ್ಚುತ್ತಿದ್ದೆ. ಆ ಮೂರುವರೆ ವರ್ಷ ಸಿಗ್ನಲ್ ಬಿಡುವ ತನಕ ಮೊಬೈಲ್ ನೋಡುತ್ತಿದ್ದೆ.

ಒಂದು ಮೇ ತಿಂಗಳಲ್ಲಿ ದೊಡ್ಡಮ್ಮ ಫೋನ್ ಮಾಡಿದರು. ಅಮ್ಮನ ಅಕ್ಕ. ವಿಲ್ಸನ್ ಗಾರ್ಡನ್ನಿನಲ್ಲಿ ಒಬ್ಬರೇ ಇರುತ್ತಾರೆ. ಗ್ಲಾಕೋಮಾದಿಂದ ಎರಡೂ ಕಣ್ಣು ಹೋಗಿವೆ. ಆ ಕಾಯಿಲೆಯಲ್ಲಿ ಹೋದ ನೋಟ ಮತ್ತೆ ಬರುವುದಿಲ್ಲ, ಅದು ಅವರಿಗೂ ಗೊತ್ತು.

"ನಂಗೆ ಸತ್ಯವೇದ ಓದೋರು ಬೇಕು ಕಣೇ. ಕೀರ್ತನೆಗಳು, ಒಂದರಿಂದ ಶುರು ಮಾಡಿ. ದಿನಕ್ಕೆ ಒಂದು ಸಾಕು."

ಸತ್ಯವೇದ ಅಂದರೆ ಬೈಬಲ್. ಅದರಲ್ಲಿರುವ ಪ್ರಾರ್ಥನೆಯ ಹಾಡುಗಳೇ ಕೀರ್ತನೆಗಳು. ಫೋನಿನಲ್ಲೇ ಓದಿ ಹೇಳುವ ಆ್ಯಪ್ ಇದೆ, ಹಾಕಿಕೊಡುತ್ತೇನೆ ಅಂದೆ.

"ಹಾಕ್ಸಿ ನೋಡಿದ್ದೀನಿ. ತಾಳು ಅಂದ್ರೆ ತಾಳಲ್ಲ ಅದು. ನೀನು ಬಾ. ಮಂಗಳವಾರ, ಗುರುವಾರ, ಶನಿವಾರ. ಆ ಸಂಜೆಗಳು ನಿಂಗೆ ಈಗ ಖಾಲಿ ಅಲ್ವಾ?"

ನನಗೆ ಗಂಟಲು ಕಟ್ಟಿತು. ಅಮ್ಮ ಹೋದ ಮೇಲೂ ಆ ಮೂರು ಸಂಜೆ ನಾನು ಬೇರೆ ಯಾವ ಕೆಲಸವನ್ನೂ ಇಟ್ಟುಕೊಂಡಿರಲಿಲ್ಲ. ಅದು ಯಾರಿಗೂ ಗೊತ್ತಿಲ್ಲ ಅಂದುಕೊಂಡಿದ್ದೆ.

ಹೋದೆ. ಮೊದಲೇ ಹೇಳಿಬಿಟ್ಟೆ, "ದೊಡ್ಡಮ್ಮ, ನಾನು ಓದ್ತೀನಿ ಅಷ್ಟೇ. ಪ್ರಾರ್ಥನೆ ಮಾಡು ಅಂತ ಕೇಳ್ಬೇಡಿ." ಅವರು ಆಯ್ತು ಅಂದರು. ಯಾಕೆ ಅಂತ ಕೇಳಲಿಲ್ಲ.

ನಾನು ಓದುವುದು, ಅವರು ಕೇಳುವುದು, ಆಮೇಲೆ ಅವರು ಪ್ರಾರ್ಥನೆ ಮಾಡುವುದು. ಅವರ ಪ್ರಾರ್ಥನೆ ನನಗೆ ಮೊದಮೊದಲು ವಿಚಿತ್ರ ಅನ್ನಿಸುತ್ತಿತ್ತು. "ತಂದೆಯೇ, ಇವತ್ತು ಕಾವೇರಿ ನೀರು ಬಂತು, ಸ್ತೋತ್ರ. ಕಾಲು ನೋವು ಜಾಸ್ತಿ ಇದೆ, ನಿಂಗೆ ಗೊತ್ತು. ಈ ಹುಡುಗಿ ದೂರದಿಂದ ಬಂದಿದ್ದಾಳೆ, ಮಳೆ ಬರೋ ಹಾಗಿದೆ, ಮನೆ ಮುಟ್ಟಿಸು." ಅಷ್ಟೇ, ಆಮೆನ್. ಯಾವ ದೊಡ್ಡ ಮಾತೂ ಇಲ್ಲ. ಪಕ್ಕದ ಮನೆಯವರಿಗೆ ಕಿಟಕಿಯಿಂದ ಹೇಳಿದ ಹಾಗೆ.

ಕೀರ್ತನೆಗಳು ನನಗೆ ಹೊಸದಲ್ಲ. ಸಂಡೇ ಸ್ಕೂಲಿನಲ್ಲಿ 23, 100, 121 ಬಾಯಿಪಾಠ ಮಾಡಿ ಬಹುಮಾನ ತಗೊಂಡವಳು ನಾನು. ಆದರೆ ಒಂದೂ ಬಿಡದೆ ಸಾಲಾಗಿ ಓದಿದ್ದು ಅದೇ ಮೊದಲು. ಸಾಲಾಗಿ ಓದಿದಾಗಲೇ ಒಂದು ವಿಷಯ ತಿಳಿಯಿತು. 150 ಕೀರ್ತನೆಗಳಲ್ಲಿ ಮೂರರಲ್ಲಿ ಒಂದು ಪಾಲಿನಷ್ಟು ಅಳು, ದೂರು, ಮೊರೆ. ನಾವು ಗೋಡೆಗೆ ತೂಗು ಹಾಕುವುದು, ಕ್ಯಾಲೆಂಡರಿಗೆ ಹಾಕುವುದು ಉಳಿದವನ್ನು. 13ನೇ ಕೀರ್ತನೆ ನೋಡಿ, ಒಟ್ಟು ಆರು ವಚನ. ಮೊದಲ ಎರಡು ವಚನದಲ್ಲೇ ಬರೆದವನು ನಾಲ್ಕು ಸಲ "ಇನ್ನೂ ಎಷ್ಟರ ತನಕ?" ಅಂತ ಕೇಳುತ್ತಾನೆ. ನಾಲ್ಕು ಸಲ! ಅದನ್ನು ಓದುವಾಗ ನನ್ನ ದನಿ ಸ್ವಲ್ಪ ಗಟ್ಟಿಯಾಯಿತು. ದೊಡ್ಡಮ್ಮನಿಗೆ ಕಣ್ಣಿಲ್ಲದಿದ್ದರೂ ಕಿವಿ ಬಹಳ ಚುರುಕು. "ಇನ್ನೊಂದ್ಸಲ ಓದು" ಅಂದರು. ಓದಿದೆ. ಕೊನೆಗೆ ಅದೇ ಮನುಷ್ಯ, ನಿನ್ನ ಪ್ರೀತಿಯಲ್ಲಿ ಭರವಸೆ ಇಟ್ಟಿದ್ದೇನೆ ಅನ್ನುತ್ತಾನೆ. ಅವನಿಗೆ ಉತ್ತರ ಸಿಕ್ಕಿತು ಅಂತ ಎಲ್ಲೂ ಬರೆದಿಲ್ಲ.

ಜುಲೈ ತಿಂಗಳ ಒಂದು ಗುರುವಾರ 22ನೇ ಕೀರ್ತನೆ. ಅಡುಗೆಗೆ ಬರುವ ಅಕ್ಕ ಅವತ್ತು ಬೇಗ ಹೊರಟಿದ್ದರು. ಅವರು ನಮ್ಮ ಸಭೆಯವರಲ್ಲ, ಕ್ರೈಸ್ತರೂ ಅಲ್ಲ. ಆದರೆ ಗುರುವಾರ ಬಂತೆಂದರೆ ವಿವೇಕನಗರದ ಬಾಲ ಯೇಸುವಿನ ಮಂದಿರಕ್ಕೆ ಹೋಗಿ ಮೇಣದ ಬತ್ತಿ ಹಚ್ಚಿ ಬರುವುದು ತಪ್ಪಿಸುವುದಿಲ್ಲ. ಗುರುವಾರ ಅಲ್ಲಿ ಎಂಥ ಜನ ಸೇರುತ್ತದೆ ಅಂತ ಬೆಂಗಳೂರಿನವರಿಗೆ ಹೇಳಬೇಕಿಲ್ಲ. "ಮಗು ರೂಪದಲ್ಲಿರೋ ದೇವ್ರು, ಕೇಳೋಕೆ ಭಯ ಆಗಲ್ಲ" ಅಂತ ಒಂದು ದಿನ ಹೇಳಿದ್ದರು. ಆ ಮಾತು ನನಗೆ ಈಗಲೂ ನೆನಪಾಗುತ್ತದೆ.

22 ಶುರುವಾಗುವುದೇ "ನನ್ನ ದೇವರೇ, ನನ್ನ ದೇವರೇ, ಯಾಕೆ ಕೈಬಿಟ್ಟೆ" ಎಂಬ ಕೂಗಿನಿಂದ. ಯೇಸುಸ್ವಾಮಿ ಶಿಲುಬೆಯ ಮೇಲೆ ಕೂಗಿದ್ದು ಇದನ್ನೇ. ಶುಭ ಶುಕ್ರವಾರದ ಮೂರು ಗಂಟೆಯ ಆರಾಧನೆಯಲ್ಲಿ ಶಿಲುಬೆಯ ಏಳು ಮಾತುಗಳ ಮೇಲೆ ಪ್ರಸಂಗ ಇರುತ್ತದಲ್ಲ, ಅದರಲ್ಲಿ ನಾಲ್ಕನೆಯದು. ಓದಿ ಮುಗಿಸಿ ನಾನು ಸುಮ್ಮನೆ ಕೂತೆ. ಆಮೇಲೆ ತಡೆಯಲಾಗದೆ ಆ ಮೂರನೆಯ ದಿನದ ಮಾತನ್ನು ದೊಡ್ಡಮ್ಮನಿಗೆ ಹೇಳಿದೆ. ನಂಬಿಕೆ ಕಡಿಮೆ ಇತ್ತು, ಅದಕ್ಕೇ ಅಮ್ಮ ಹೋದಳು ಅಂದದ್ದನ್ನು. ಅಷ್ಟು ವರ್ಷ ಯಾರಿಗೂ ಹೇಳಿರಲಿಲ್ಲ.

ದೊಡ್ಡಮ್ಮ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಕೇಳಿದರು, "ಶಿಲುಬೆಗೆ ಹೋಗೋ ಹಿಂದಿನ ರಾತ್ರಿ ಗೆತ್ಸೆಮನೆ ತೋಟದಲ್ಲಿ ಯೇಸುಸ್ವಾಮಿ ಎಷ್ಟು ಸಲ ಕೇಳ್ದ, ಆ ಕಷ್ಟದ ಪಾತ್ರೆ ತೆಗೆದುಬಿಡು ಅಂತ?"

"ಮೂರು ಸಲ."

"ತೆಗೆದ್ರಾ?"

"ಇಲ್ಲ."

"ಅವನಿಗೂ ನಂಬಿಕೆ ಕಡಿಮೆ ಇತ್ತಾ?"

ನಾನು ಅತ್ತೆ. ಅವರು ನನ್ನನ್ನು ಸಮಾಧಾನ ಮಾಡಲು ಬರಲಿಲ್ಲ. ತಮ್ಮಷ್ಟಕ್ಕೆ ಹೇಳಿಕೊಂಡ ಹಾಗೆ ಹೇಳಿದರು, "ನಾನೂ ಕೇಳಿದ್ದೆ ಕಣೇ. ಅವಳು ನಂಗೆ ತಂಗಿ. ಸೊಂಟದ ಮೇಲೆ ಎತ್ತಿಕೊಂಡು ತಿರುಗಿದ್ದೀನಿ. ಎರಡು ವರ್ಷ ದಿನಾ ಬೆಳಗ್ಗೆ ನಾಲ್ಕು ಗಂಟೆಗೆ ಎದ್ದು ಕೇಳಿದ್ದೀನಿ. ನಂಗೂ ಕೊಡಲಿಲ್ಲ."

ನನಗೆ ನಾಚಿಕೆಯಾಯಿತು. ಅಮ್ಮ ಹೋದದ್ದು ನನಗೊಬ್ಬಳಿಗೇ ಆದ ನಷ್ಟ ಅಂದುಕೊಂಡಿದ್ದೆ. ನಾನು ಮಾಡಿದ ಪ್ರಾರ್ಥನೆಯನ್ನೇ ಮಾಡಿ, ನನಗೆ ಸಿಕ್ಕ ಉತ್ತರವೇ ಸಿಕ್ಕು, ಆದರೂ ಕಾವೇರಿ ನೀರಿಗೆ ಸ್ತೋತ್ರ ಹೇಳುವ ಒಬ್ಬರು ನನ್ನ ಎದುರಿಗೇ ಕೂತಿದ್ದರು.

ಮಾರನೆಯ ಓದು ಶನಿವಾರ. 23. ಪುಸ್ತಕ ತೆಗೆಯುವಷ್ಟರಲ್ಲಿ ಕರೆಂಟ್ ಹೋಯಿತು. ಮೊಬೈಲಿನಲ್ಲಿ ಚಾರ್ಜ್ ಇರಲಿಲ್ಲ. "ಕತ್ತಲೆ ದೊಡ್ಡಮ್ಮ, ಸ್ವಲ್ಪ ತಾಳಿ" ಅಂದೆ. "ನಂಗೆ ಏನೂ ವ್ಯತ್ಯಾಸ ಇಲ್ಲ, ನೀನು ಶುರು ಮಾಡು" ಅಂದರು. ಯೆಹೋವನು ನನಗೆ ಕುರುಬನು, ಕೊರತೆಪಡೆನು. ಬಾಯಿಗೆ ತಾನಾಗೇ ಬಂತು. ನಡುವೆ ಒಂದು ಕಡೆ ಮರೆತೆ. ಅವರು ಹಿಡಿದುಕೊಂಡರು. ಇನ್ನೊಂದು ಕಡೆ ಅವರು ನಿಂತರು, ನಾನು ಮುಂದುವರಿಸಿದೆ.

ಇನ್ನೂ ಎಂಟು ಕೀರ್ತನೆ ದಾಟಿದರೆ 31. ಅದರ ಐದನೆಯ ವಚನ, ನನ್ನ ಆತ್ಮವನ್ನು ನಿನ್ನ ಕೈಗೆ ಒಪ್ಪಿಸುತ್ತೇನೆ ಅನ್ನುವುದು. ಶಿಲುಬೆಯ ಏಳನೆಯ ಮಾತು ಇದೇ. ಯೇಸುಸ್ವಾಮಿ ಅದರ ಮುಂದೆ "ತಂದೆಯೇ" ಅಂತ ಒಂದು ಪದ ಸೇರಿಸಿದ. ಯಾಕೆ ಕೈಬಿಟ್ಟೆ ಅನ್ನುವುದೂ ಕೀರ್ತನೆ, ನಿನ್ನ ಕೈಗೇ ಕೊಡುತ್ತೇನೆ ಅನ್ನುವುದೂ ಕೀರ್ತನೆ. ಎರಡನ್ನೂ ಒಂದೇ ಮಧ್ಯಾಹ್ನ, ಒಂದೇ ಬಾಯಲ್ಲಿ ಹೇಳಿದ. ನಮ್ಮ ಓದಿನ ಲೆಕ್ಕದಲ್ಲಿ ಆ ಎರಡರ ನಡುವೆ ಮೂರು ವಾರ ಇತ್ತು. ನನಗೆ ಇನ್ನೂ ಜಾಸ್ತಿ ಬೇಕಾಯಿತು.

ಇಲ್ಲಿ "ನೀನು" ಅನ್ನುವ ಪದದ ಬಗ್ಗೆ ಹೇಳಬೇಕು. ನಮ್ಮ ಮನೆಯಲ್ಲಿ ಅಪ್ಪನಿಗೆ ನೀವು, ಅಮ್ಮನಿಗೆ ನೀನು. ಹಳೇ ಮೈಸೂರು ಕಡೆಯ ಎಷ್ಟೋ ಮನೆಗಳಲ್ಲಿ ಹೀಗೇ. ನಮ್ಮ ಸತ್ಯವೇದದಲ್ಲಿ ದೇವರನ್ನು ತಂದೆ ಅಂತ ಕರೆದರೂ ಮಾತಾಡಿಸುವುದು "ನೀನು" ಅಂತಲೇ. ನಿನ್ನ ರಾಜ್ಯವು ಬರಲಿ, ನಿನ್ನ ಚಿತ್ತವು ನೆರವೇರಲಿ. ಚಿಕ್ಕಂದಿನಿಂದ ಹೇಳುತ್ತಾ ಬಂದಿದ್ದರೂ ಅದು ನನಗೆ ಪುಸ್ತಕದ "ನೀನು" ಆಗಿತ್ತು. ಅಡುಗೆಮನೆಯಲ್ಲಿ ಅಮ್ಮನಿಗೆ "ನೀನು ಸುಮ್ನಿರು, ನಾನು ಮಾಡ್ತೀನಿ" ಅನ್ನುವ ನೀನು ಅಲ್ಲ. ದೊಡ್ಡಮ್ಮ ದೇವರ ಹತ್ತಿರ ಆಡುತ್ತಿದ್ದದ್ದು ಈ ಎರಡನೆಯದನ್ನು.

ಡಿಸೆಂಬರ್ ಮೊದಲ ವಾರ. ಕ್ರಿಸ್ಮಸ್ಸಿಗೆ ಕಾಯುವ ದಿನಗಳು. ಬೀದಿಯ ಎರಡು ಮೂರು ಮನೆಯಲ್ಲಿ ಆಗಲೇ ಕಾಗದದ ನಕ್ಷತ್ರ ತೂಗು ಹಾಕಿದ್ದರು. ಅವತ್ತು 88ನೇ ಕೀರ್ತನೆ. 18 ವಚನ. ಸಾಮಾನ್ಯವಾಗಿ ಅಳುವ ಕೀರ್ತನೆಗಳು ಕೊನೆಗೆ ಎಲ್ಲೋ ಒಂದು ಕಡೆ ತಿರುಗುತ್ತವೆ, ಸ್ತೋತ್ರಕ್ಕೆ ಬಂದು ನಿಲ್ಲುತ್ತವೆ. ನಾನು ಓದುತ್ತಾ ಆ ತಿರುವಿಗೆ ಕಾಯುತ್ತಿದ್ದೆ. ಇದು ತಿರುಗಲೇ ಇಲ್ಲ. ನನ್ನ ಆಪ್ತರನ್ನೆಲ್ಲ ದೂರ ಮಾಡಿದ್ದೀ ಅಂತ ಹೇಳಿ, ಕತ್ತಲೆಯಲ್ಲಿ ನಿಂತುಬಿಡುತ್ತದೆ. ಇಬ್ರಿಯ, ಅಂದರೆ ಹೀಬ್ರೂ ಮೂಲದಲ್ಲಿ ಕೊನೆಯ ಪದವೇ ಕತ್ತಲೆ. ನಾನು ಪುಟ ತಿರುಗಿಸಿದೆ. 89 ಅಂತ ಇತ್ತು.

"ಮುಗೀತಾ?" ಅಂದರು ದೊಡ್ಡಮ್ಮ.

"ಮುಗೀತು. ಉತ್ತರ ಏನೂ ಇಲ್ಲ ದೊಡ್ಡಮ್ಮ."

"ಇಲ್ಲ. ಆದ್ರೆ ಮೊದಲನೇ ವಚನದಲ್ಲಿ ಏನಂತ ಕರ್ದಿದ್ದಾನೆ ನೋಡು."

ನೋಡಿದೆ. ನನ್ನನ್ನು ರಕ್ಷಿಸುವ ದೇವರೇ ಅಂತ ಕರೆದಿದ್ದಾನೆ. ಆಮೇಲೆ ಇಡೀ ಕೀರ್ತನೆ ಜಗಳ. ಜಗಳ ಆಡುತ್ತಾ ಇರುವುದು ಆತನ ಹತ್ತಿರವೇ. ಬೇರೆಯವರ ಹತ್ತಿರ ಹೋಗಿ ಆತನ ಮೇಲೆ ದೂರು ಹೇಳಲಿಲ್ಲ. ನನ್ನ ಹಾಗೆ ಮಾತು ಬಿಡಲೂ ಇಲ್ಲ. ಇಂಥ ಒಂದು ಅಳುವನ್ನು ಯಾರೋ ಬರೆದರು, ದೇವಾಲಯದ ಹಾಡುಗಾರರು ಅದನ್ನು ಹಾಡಿದರು, ಸಾವಿರಾರು ವರ್ಷ ಜೋಪಾನ ಮಾಡಿದರು. 1810ರಲ್ಲಿ ಬಳ್ಳಾರಿಗೆ ಬಂದ ಮಿಷನರಿ ಜಾನ್ ಹ್ಯಾಂಡ್ಸ್ ಮತ್ತು ಅವರ ಜೊತೆಯವರು ಸತ್ಯವೇದವನ್ನು ಕನ್ನಡಕ್ಕೆ ತರುವಾಗಲೂ ಇದನ್ನು ಬಿಡಲಿಲ್ಲ. ದೇವರಿಗೆ ಈ ಮಾತು ಬೇಡವಾಗಿದ್ದರೆ ಇದು ವಿಲ್ಸನ್ ಗಾರ್ಡನ್ನಿನ ಈ ಕೋಣೆಯ ತನಕ ಬಂದು ನನ್ನ ಬಾಯಿಂದ ಹೊರಡುತ್ತಿತ್ತಾ?

ಅವತ್ತು ರಾತ್ರಿ ಮನೆಗೆ ಬಂದು ಅಡುಗೆಮನೆಯಲ್ಲಿ ಪಾತ್ರೆ ತೊಳೆಯುತ್ತಿದ್ದೆ. ನಲ್ಲಿ ಬಿಟ್ಟೇ ಇತ್ತು. "ನೀನು ಎಲ್ಲಿದ್ದೆ?" ಅಂದೆ. ಜೋರಾಗಿಯೇ ಅಂದೆ. "ಆ ಕುರ್ಚೀಲಿ ಕೂತು ಅಷ್ಟು ಕೇಳಿದ್ನಲ್ಲ, ನಿಂಗೆ ಕೇಳಿಸ್ಲಿಲ್ವಾ? ನೀನು ಯಾಕೆ ಹೀಗ್ ಮಾಡ್ದೆ?" ಮೂರುವರೆ ವರ್ಷದ ಮೇಲೆ ಅದು ನನ್ನ ಮೊದಲ ಪ್ರಾರ್ಥನೆ. ಪುಸ್ತಕದ ನೀನು ಅಲ್ಲ. ಅಮ್ಮನಿಗೆ ಹೇಳುತ್ತಿದ್ದ ನೀನು. ಉತ್ತರ ಬರಲಿಲ್ಲ, ಬೆಳಕೂ ಕಾಣಲಿಲ್ಲ. ಆದರೆ ಬೈದು ಮುಗಿಸಿದ ಮೇಲೆ ಆ ಅಡುಗೆಮನೆಯಲ್ಲಿ ನಾನು ಒಬ್ಬಳೇ ಇದ್ದೇನೆ ಅಂತ ಅನ್ನಿಸಲಿಲ್ಲ. ಇದನ್ನು ಇದಕ್ಕಿಂತ ಚೆನ್ನಾಗಿ ಹೇಳಲು ನನಗೆ ಬರುವುದಿಲ್ಲ.

ಆಮೇಲಿನದು ನಿಧಾನ. ಹೇಳುವಂಥದ್ದು ಜಾಸ್ತಿ ಇಲ್ಲ. ಈಸ್ಟರಿಗೆ ಮುಂಚಿನ ತಪಸ್ಸುಕಾಲ ಶುರುವಾಗುವ ಹೊತ್ತಿಗೆ ನಾವು 119ಕ್ಕೆ ಬಂದಿದ್ದೆವು. 176 ವಚನ, ಎಲ್ಲಕ್ಕಿಂತ ಉದ್ದದ ಕೀರ್ತನೆ. ಇಬ್ರಿಯ ಭಾಷೆಯ 22 ಅಕ್ಷರಗಳಿಗೆ ಒಂದೊಂದಕ್ಕೆ ಎಂಟೆಂಟು ವಚನ. ದಿನಕ್ಕೆ ಎಂಟೇ ಓದಿದೆವು. ಈಸ್ಟರ್ ತನಕ ಅದೇ ಸರಿಹೋಯಿತು. ಕೆಲವು ದಿನ ಬಸ್ಸಿನಲ್ಲಿ ಪ್ರಾರ್ಥನೆ ಬರುತ್ತಿತ್ತು, ಕೆಲವು ದಿನ ಒಂದು ಪದವೂ ಬರುತ್ತಿರಲಿಲ್ಲ. ಬಾರದ ದಿನ ಹಡ್ಸನ್ ಸರ್ಕಲ್ಲಿನ ಸಿಗ್ನಲ್ಲಿನಲ್ಲಿ ಮೊಬೈಲ್ ಒಳಗಿಟ್ಟು ಸುಮ್ಮನೆ ಆ ಕಲ್ಲಿನ ಗೋಡೆ ನೋಡುತ್ತಿದ್ದೆ.

ಕನ್ನಡದಲ್ಲಿ ನಮಗೆ ವಿಶ್ವಾಸ ಅಂತ ಒಂದು ಪದ ಇದೆ. ದೇವರಲ್ಲಿ ವಿಶ್ವಾಸ ಅಂದರೆ ನಂಬಿಕೆ. ಆದರೆ "ಅವರಿಗೆ ನಮ್ಮ ಮೇಲೆ ಬಹಳ ವಿಶ್ವಾಸ" ಅಂದರೆ ಅಕ್ಕರೆ. ಪ್ರೀತಿ ವಿಶ್ವಾಸ ಅಂತ ಜೊತೆಯಾಗಿಯೇ ಹೇಳುತ್ತೇವೆ. ವಿಶ್ವಾಸ ಅಂದರೆ ನಾನು ಎಷ್ಟು ಗಟ್ಟಿಯಾಗಿ ನಂಬುತ್ತೇನೆ ಅನ್ನುವ ಪರೀಕ್ಷೆ ಅಂತ ತಿಳಿದಿದ್ದೆ. ಆ ಮೂರನೆಯ ದಿನದ ಮಾತು ಅಷ್ಟು ಆಳಕ್ಕೆ ಇಳಿದದ್ದು ಅದಕ್ಕೇ. ಈಗ ಆ ಪದದಲ್ಲಿ ನನಗೆ ಮೊದಲು ಕೇಳಿಸುವುದು ಆ ಅಕ್ಕರೆ. ಅದು ಆತನ ಕಡೆಯಿಂದ ಶುರುವಾಗುತ್ತದೆ.

ಏಪ್ರಿಲ್ ಕೊನೆಯಲ್ಲಿ 131 ಬಂತು. ಮೂರೇ ವಚನ. ಮೊಲೆ ಬಿಡಿಸಿದ ಕೂಸು ತಾಯಿಯ ಹತ್ತಿರ ಇರುವ ಹಾಗೆ ನನ್ನ ಮನಸ್ಸು ಸುಮ್ಮನಿದೆ ಅನ್ನುವ ಮಾತು ಅದರಲ್ಲಿದೆ. ನಾನು ಸರಸರ ಓದಿಬಿಟ್ಟೆ. ದೊಡ್ಡಮ್ಮ ತಡೆದರು.

"ಮೊಲೆ ಬಿಡಿಸೋದು ಎಷ್ಟು ಕಷ್ಟ ಗೊತ್ತಾ? ನಿಮ್ಮಮ್ಮಂಗೆ ಬಿಡಿಸುವಾಗ ನಮ್ಮಮ್ಮ ಬೇವಿನ ಎಲೆ ಅರೆದು ಹಚ್ಕೊಂಡಿದ್ಲು. ಮೂರು ದಿನ ಮೂರು ರಾತ್ರಿ ಅತ್ಲು ನಿಮ್ಮಮ್ಮ. ನಾನೇ ಎತ್ಕೊಂಡು ಓಡಾಡ್ತಿದ್ದೆ. ಅಮ್ಮನ ಮುಖ ಕಂಡ್ರೆ ಸಾಕು, ಕೋಪ. ನಾಲ್ಕನೇ ದಿನ ತಾನೇ ಹೋಗಿ ಅಮ್ಮನ ತೊಡೆ ಮೇಲೆ ತಲೆ ಇಟ್ಟು ಮಲಗಿದ್ಲು. ಹಾಲು ಕೇಳ್ಲಿಲ್ಲ. ಸುಮ್ನೆ ಮಲಗಿದ್ಲು."

ಅವರು ಆ ಕಥೆಯನ್ನು ನನಗೆ ಬುದ್ಧಿ ಹೇಳಲು ಹೇಳಲಿಲ್ಲ. ತಂಗಿಯ ನೆನಪಾಯಿತು, ಹೇಳಿದರು. ಅಮ್ಮ ಕೂಸಾಗಿದ್ದ ಕಾಲದ ಒಂದು ಚಿತ್ರ ನನಗೆ ಮೊದಲ ಸಲ ಸಿಕ್ಕಿತು. ಅವತ್ತು ನಾನು ಪ್ರಾರ್ಥನೆ ಮಾಡಲಾ ಅಂತ ಕೇಳಿದೆ. ದೊಡ್ಡಮ್ಮ ಆಶ್ಚರ್ಯ ಪಡಲಿಲ್ಲ, ಸೆರಗನ್ನು ತಲೆ ಮೇಲೆ ಎಳೆದುಕೊಂಡರು. ನಾನು ಏನನ್ನೂ ಕೇಳಲಿಲ್ಲ. "ತಂದೆಯೇ, ಅಮ್ಮ ನಿನ್ನ ಹತ್ರ ಇದ್ದಾಳೆ. ನಾವಿಬ್ರೂ ಇಲ್ಲಿದ್ದೀವಿ. ಇಷ್ಟು ದಿನ ನಾನು ಮಾತಾಡ್ಲಿಲ್ಲ. ನೀನು ಕಾಯ್ತಿದ್ದೆ ಅಂತ ಅನ್ಸುತ್ತೆ." ಮುಂದೆ ಮಾತು ಬರಲಿಲ್ಲ. ಆಮೆನ್ ದೊಡ್ಡಮ್ಮನೇ ಹೇಳಿದರು.

136ರಲ್ಲಿ 26 ವಚನ. ಪ್ರತಿಯೊಂದರ ಕೊನೆಗೂ ಆತನ ಕೃಪೆ ಶಾಶ್ವತ ಅನ್ನುವ ಒಂದೇ ಮಾತು. ಮೊದಲರ್ಧ ನಾನು ಓದುವುದು, ಆ ಮಾತನ್ನು ದೊಡ್ಡಮ್ಮ ಹೇಳುವುದು ಅಂತ ಮಾಡಿಕೊಂಡೆವು. ಐದಾರು ವಚನ ಆಗುವಷ್ಟರಲ್ಲಿ ಅಡುಗೆಮನೆಯಿಂದ ಇನ್ನೊಂದು ದನಿ ಸೇರಿತು. ಅಡುಗೆಯ ಅಕ್ಕ ಚಪಾತಿ ಲಟ್ಟಿಸುತ್ತಾ ಹೇಳುತ್ತಿದ್ದರು. ಕೊನೆಯ ತನಕ ಬಿಡಲಿಲ್ಲ.

ಮೊನ್ನೆ ಮಂಗಳವಾರ 139. ಮಧ್ಯಾಹ್ನ ಮಳೆ ಬಂದು ನಿಂತಿತ್ತು. ಬೀದಿ ತುಂಬಾ ಗುಲ್‌ಮೊಹರ್ ಹೂ ಉದುರಿ ನೀರಿಗೆ ಅಂಟಿಕೊಂಡಿತ್ತು. ನಾನು ನಿನ್ನಿಂದ ತಪ್ಪಿಸಿಕೊಂಡು ಎಲ್ಲಿಗೆ ಹೋಗಲಿ ಅಂತ ಕೇಳುವ ಕೀರ್ತನೆ ಅದು. 12ನೇ ವಚನಕ್ಕೆ ಬಂದೆ. ನಿನಗೆ ಕತ್ತಲೆಯೂ ಕತ್ತಲೆಯಲ್ಲ, ಇರುಳೂ ಹಗಲಿನ ಹಾಗೇ ಬೆಳಗುತ್ತದೆ. 88ರ ಕೊನೆಯ ಪದ ನೆನಪಾಗಿ ನನ್ನ ದನಿ ತಡವರಿಸಿತು.

ದೊಡ್ಡಮ್ಮ ಕೈ ಮುಂದೆ ಚಾಚಿ, ಪುಸ್ತಕ ಎಲ್ಲಿದೆ ಅಂತ ಹುಡುಕಿ, ಆ ಪುಟದ ಮೇಲೆ ಅಂಗೈ ಇಟ್ಟರು.

"ಯಾವ ಕಡೆ ಇದೆ ಅದು?" ಅಂದರು.

ಅವರ ಬೆರಳು ಹಿಡಿದು ಆ ಸಾಲಿನ ಮೇಲೆ ಇಟ್ಟೆ. ಅವರು ಬೆರಳನ್ನು ಅಲ್ಲಿಂದ ತೆಗೆಯಲಿಲ್ಲ. ನಾನು ಉಳಿದ ವಚನಗಳನ್ನು ಅವರ ಕೈಯ ಸುತ್ತ ಹುಡುಕಿ ಹುಡುಕಿ ಓದಿದೆ.